ಸೆಲ್ಲಾಯಿ ಗದ್ದೆಯ ಪೈರು

ಪುದುವಾಯ್ಕಾಲ್,
ಮನ್ನಾರ್ಗುಡಿ ತಾಲ್ಲೂಕು
ಪುರಟಾಸಿ ೧೨, ಭಾನುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮೊಣಕಾಲಿನ ಬಾವು ಇಳಿಯಿತೇ? ಮಂಗಳವಾರ ಫೋನಿನಲ್ಲಿ ಮಾತಿನ ನಡುವೆ ನಾಲ್ಕು ಸಲ ಕೆಮ್ಮಿದಿರಿ, ನಾನು ಎಣಿಸಿದೆ. ಹಡಗಿಗೆ ಬಣ್ಣ ಹೊಡೆಯುವಾಗ ಮುಖವಾಡವನ್ನು ಕೊರಳಿಗೆ ಇಳಿಸಿಕೊಂಡು ನಿಲ್ಲುತ್ತೀರೆಂದು ನೀವು ಕಳಿಸುವ ಫೋಟೋಗಳೇ ಹೇಳುತ್ತವೆ. ಅಮ್ಮ ಅವನ್ನು ನೋಡಿ ಬೈಯುತ್ತಾಳೆ, ಆಮೇಲೆ ಮತ್ತೆ ತೋರಿಸು ಎನ್ನುತ್ತಾಳೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಕಂದು ಹಸು ಗಬ್ಬವಾಗಿದೆ. ಮೇಲಬೀದಿಯ ವೀರಮಣಿ ಅಣ್ಣ ಬುಧವಾರ ಸಿಂಗಪುರಕ್ಕೆ ಹೊರಡುತ್ತಾರೆ, ಅವರ ಕೈಯಲ್ಲಿ ಈ ಕಾಗದವನ್ನೂ ಒಂದು ಡಬ್ಬಿ ಹೇರಳೆಕಾಯಿ ಉಪ್ಪಿನಕಾಯಿಯನ್ನೂ ಕಳಿಸುತ್ತಿದ್ದೇನೆ. ಉಪ್ಪಿನಕಾಯಿಯನ್ನು ರೂಮಿನವರಿಗೆಲ್ಲ ಹಂಚಿಬಿಟ್ಟು ನಿಮಗಿಲ್ಲದಂತೆ ಮಾಡಿಕೊಳ್ಳಬೇಡಿ.

ಮಂಗಳವಾರ ನೀವು, "ಆ ಮ್ಯಾನೇಜರಿಗೆ ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಮ್ಮಾ, ಮುಗೀತು" ಎಂದಿರಿ. ನಾನು "ಹೂಂ" ಎಂದೆ. ನಾನು ಎಲ್ಲದಕ್ಕೂ ಹೂಂ ಎನ್ನುವವಳೆಂದು ನಿಮಗೆ ಗೊತ್ತು. ಕಾಲೇಜಿನಲ್ಲಿ ಮೂರು ವರ್ಷ ಇಂಗ್ಲಿಷ್ ಸಾಹಿತ್ಯ ಓದಿದೆ, ಒಂದು ದಿನವೂ ಎದ್ದು ನಿಂತು ಪ್ರಶ್ನೆ ಕೇಳಲಿಲ್ಲ. ಕಣ್ಣಾರೆ ಕಾಣದ ಹೂಗಳ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದೆ. ಫೋನಿನಲ್ಲಿ ನಿಮ್ಮ ಹಿಂದೆ ಹತ್ತು ಜನರ ಗದ್ದಲ, ಇಲ್ಲಿ ನಾನು ಹೂಂ ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪಾ, ಆ ಹೂಂ ಅನ್ನು ವಾಪಸು ತೆಗೆದುಕೊಂಡಿದ್ದೇನೆ. ನಾನು ಕ್ಷಮೆ ಕೇಳುವುದಿಲ್ಲ. ಯಾಕೆಂದು ಪೂರ್ತಿ ಓದಿ, ಆಮೇಲೆ ಬೈಯಿರಿ.

ರಸ್ತೆ ಬದಿಯ ನಮ್ಮ ಸೆಲ್ಲಾಯಿ ಗದ್ದೆಯನ್ನು ಪೊಂಗಲಿಗೆ ಬಂದಾಗ ನೀವೇ ಸಹಿ ಹಾಕಿ ಆ ಅತಿಥಿಗೃಹದವರಿಗೆ ಬಿಟ್ಟುಕೊಟ್ಟಿರಿ. ಪ್ರವಾಸಿಗಳು ಬಂದು ನಮ್ಮ ಬೇಸಾಯ ನೋಡಿಕೊಂಡು ಹೋಗುತ್ತಾರೆ, ಮಗಳಿಗೂ ಅಲ್ಲೇ ಕೆಲಸ ಸಿಗುತ್ತದೆ ಎಂದು ನೀವು ಅಂದುಕೊಂಡದ್ದರಲ್ಲಿ ತಪ್ಪೇನಿಲ್ಲ. ಆನಿ ತಿಂಗಳಲ್ಲಿ ಕಾಲುವೆಗೆ ನೀರು ಬಿಟ್ಟಾಗಿನಿಂದ ನಾನು ಅಲ್ಲಿ ನಮ್ಮವರ ಮಾತನ್ನು ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಹೇಳುವವಳಾಗಿದ್ದೆ. ಮ್ಯಾನೇಜರ್ ತಿರುವೇಂಗಡಂ ನನ್ನ ಕೈಗೊಂದು ಕಾರ್ಡು ಕೊಟ್ಟಿದ್ದರು. ಅತಿಥಿಗಳು ಕೇಳಬಹುದಾದ ಹತ್ತು ಪ್ರಶ್ನೆ, ನಾನು ಕೊಡಬೇಕಾದ ಹತ್ತು ಉತ್ತರ. ಈ ಹೆಂಗಸರು ಸಂತೋಷವಾಗಿದ್ದಾರೆಯೇ? ಹೌದು, ಇವರು ಮಣ್ಣಿನ ಮಕ್ಕಳು. ಬೆನ್ನು ನೋಯುವುದಿಲ್ಲವೇ? ಇಲ್ಲ, ಚಿಕ್ಕಂದಿನಿಂದ ಅಭ್ಯಾಸ. ಬೆನ್ನು ನೋಯುವುದಿಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಹೇಳುವಾಗ ಅಮ್ಮ ಎರಡು ಕೈಯನ್ನೂ ಸೊಂಟಕ್ಕೆ ಒತ್ತಿಕೊಂಡು ನೆಟ್ಟಗಾಗುತ್ತಿರುತ್ತಿದ್ದಳು. ನಾನು ಬೇರೆ ಕಡೆ ನೋಡುತ್ತಿದ್ದೆ.

ನಿಮಗೆ ನಾವು ಹೇಳದೆ ಮುಚ್ಚಿಟ್ಟ ವಿಷಯವೊಂದಿದೆ. ಆ ಗದ್ದೆಯಲ್ಲಿ ಬೆಳೆ ತೆಗೆಯುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಅಮ್ಮ, ಪಾಪಾತ್ತಿ ಅತ್ತೆ, ಇನ್ನೂ ಆರು ಜನ ಒಂದೇ ಬಣ್ಣದ ಹಸಿರು ಸೀರೆ ಉಟ್ಟು ಇಳಿಯುವುದು, ಅತಿಥಿಗಳ ಮುಂದೆ ನಾಟಿ ಮಾಡುವುದು, ಮ್ಯಾನೇಜರ್ ಕೈ ಎತ್ತಿದ ಕೂಡಲೇ ಎಲ್ಲರೂ ಒಟ್ಟಿಗೆ ನಾಲಿಗೆ ಹೊರಳಿಸಿ ಉಲುಲು ಎಂದು ಕುಲವೆ ಹಾಕುವುದು. ಭಾನುವಾರ ಮಧ್ಯಾಹ್ನ ಅದೇ ಪೈರನ್ನು ಕಿತ್ತು, ಕಟ್ಟು ಕಟ್ಟಿ, ಕಾಲುವೆ ನೀರಲ್ಲಿ ಇಡುವುದು. ಮುಂದಿನ ಶನಿವಾರ ಅದನ್ನೇ ಮತ್ತೆ ನೆಡುವುದು. ಬುಡ ಕೊಳೆತರೆ ಹೊಸ ಕಟ್ಟು ತರುವುದು. "ನಾಟಿ ನೋಡೋಕೆ ಜನ ಬರ್ತಾರಮ್ಮ, ಕಳೆ ಕೀಳೋದನ್ನ ನೋಡೋಕೆ ಯಾರು ಬರ್ತಾರೆ?" ಎಂದು ಮ್ಯಾನೇಜರ್ ನಗುತ್ತಿದ್ದರು. ಊರಲ್ಲಿ ಈಗ ಎಲ್ಲರೂ ನಾಟಿಗೆ ಯಂತ್ರ ಕರೆಸುತ್ತಾರೆ. ಕೈಯಲ್ಲಿ ನೆಡುವವರಿಗೆ ಬೇರೆ ಕೆಲಸವಿಲ್ಲ. ಹಾಗಾಗಿ ಹೋದರು. ಪಾಪಾತ್ತಿ ಅತ್ತೆ ಮಾತ್ರ ಪ್ರತಿ ಶನಿವಾರ ಅದೇ ಪೈರಿಗೆ, "ಏನೇ, ನಿನಗಿದು ಎಷ್ಟನೇ ಮದುವೆ?" ಎಂದು ಕೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅತಿಥಿಗಳು ಆ ನಗುವಿನ ಫೋಟೋ ತೆಗೆಯುತ್ತಿದ್ದರು.

ಆವಣಿ ತಿಂಗಳ ಕೊನೆಯಲ್ಲಿ ಸಸಿಮಡಿಯಿಂದ ಹೊಸ ಪೈರು ಕಿತ್ತು ನೆಟ್ಟೆವು. ಆ ಶನಿವಾರವೇ ಮ್ಯಾನೇಜರ್ ತಮ್ಮ ನಾದಿನಿಯ ಮದುವೆಗೆಂದು ಚೆನ್ನೈಗೆ ಹೋದರು. ಮುಂದಿನ ವಾರ ಬರಬೇಕಿದ್ದ ಅತಿಥಿಗಳೂ ಬರಲಿಲ್ಲ. ಕೀಳಿ ಎಂದು ಹೇಳುವವರಿರಲಿಲ್ಲ, ಪೈರು ಗದ್ದೆಯಲ್ಲೇ ಉಳಿಯಿತು. ಮೊದಲ ನಾಲ್ಕು ದಿನ ಹಳದಿ ತಿರುಗಿ ಬಾಗಿಕೊಂಡಿತ್ತು. ಆರನೆಯ ದಿನ ನೆಟ್ಟಗಾಯಿತು. ಅಮ್ಮ ದಿನಾ ಬೆಳಿಗ್ಗೆ ಹಸುವನ್ನು ಹೊರಗೆ ಕಟ್ಟುವ ನೆಪದಲ್ಲಿ ಆ ಬದುವಿನ ಮೇಲೆ ಹೋಗಿ ನಿಲ್ಲುತ್ತಿದ್ದಳು. ಒಂದು ದಿನ ನಾನೂ ಹಿಂದೆ ಹೋದೆ. ಅವಳು ಕೆಸರಿಗಿಳಿದು ಒಂದು ಪೈರಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿದಳು. ಅದು ಬರಲಿಲ್ಲ. "ಹಿಡ್ಕೊಂಡಿದೆ" ಎಂದಳು. ನಾನು ಬಿ.ಎ. ಪಾಸಾದೆನೆಂದು ಹೇಳಿದ ದಿನವೂ ಅವಳ ಮುಖ ಹಾಗಿರಲಿಲ್ಲ ಅಪ್ಪಾ. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಹದಿನಾಲ್ಕನೆಯ ದಿನ, ಶುಕ್ರವಾರ, ಮ್ಯಾನೇಜರ್ ಬಂದರು. ನಾಳೆ ಅತಿಥಿಗಳಿದ್ದಾರೆ, ಇವತ್ತೇ ಎಲ್ಲ ಕಿತ್ತು ಗದ್ದೆ ಖಾಲಿ ಮಾಡಿ ಎಂದರು. ಅಮ್ಮ, "ಬೇರು ಬಿಟ್ಟಿದೆ, ಕೀಳಲ್ಲ" ಎಂದಳು. ಅವರು ಇನ್ನೂ ಒಳ್ಳೆಯ ಮಾತಿನಲ್ಲೇ, "ಅಮ್ಮಾ, ಇದು ಗದ್ದೆ ಅಂತ ಯಾಕೆ ತಿಳ್ಕೊಳ್ತೀರಿ? ಇದೊಂದು ನಾಟಕದ ಸ್ಟೇಜು ಅಷ್ಟೇ" ಎಂದರು. "ಸ್ಟೇಜಿಗೆ ನೀರು ಯಾಕ್ರೀ ಬಿಟ್ರಿ? ನೀರು ಬಿಟ್ಟೋರು ನೀವು, ಬೇರು ಬಿಟ್ಟಿದ್ದು ಅದು. ಬೇರು ಬಿಟ್ಟ ಪೈರನ್ನ ಕಿತ್ತ ಕೈಯಲ್ಲಿ ನಾನು ಅನ್ನ ಉಣ್ಣಲ್ಲ." ಅಮ್ಮ ಇಷ್ಟು ಮಾತನ್ನು ಹೊರಗಿನ ಗಂಡಸಿನ ಎದುರು ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಿಕ್ಕವರೂ ಯಾರೂ ಇಳಿಯಲಿಲ್ಲ. "ನೀವೇ ಇಳೀರಿ ತಮ್ಮಾ, ಬೂಟು ನಾನು ಹಿಡ್ಕೊಂಡಿರ್ತೀನಿ" ಎಂದಳು ಪಾಪಾತ್ತಿ ಅತ್ತೆ.

ಶನಿವಾರ ಆರು ಜನ ಬಂದರು. ಮ್ಯಾನೇಜರ್ ನನ್ನ ಕಿವಿಯ ಹತ್ತಿರ ಬಂದು, ಮುಂದಿನ ನಾಲ್ಕು ಸಾಲನ್ನಾದರೂ ಕೀಳಿಸಿ ಶುರುಮಾಡಿಸು, ಕುಲವೆ ಹಾಕಿಸು ಎಂದರು. ಹೆಂಗಸರು ಬದುವಿನ ಮೇಲೆ ಸಾಲಾಗಿ ನಿಂತಿದ್ದರು, ಹಸಿರು ಸೀರೆಯಲ್ಲಲ್ಲ, ತಮ್ಮ ತಮ್ಮ ಹಳೆಯ ಸೀರೆಗಳಲ್ಲಿ. ಬಂದವರಲ್ಲಿ ಆನೆಲೀಸ್ ಎಂಬ ಡಚ್ ಹೆಂಗಸೊಬ್ಬಳಿದ್ದಳು, ಅರವತ್ತು ದಾಟಿದವಳು. ಉಳಿದವರು ಕ್ಯಾಮೆರಾ ತೆಗೆಯುತ್ತಿದ್ದರೆ ಇವಳು ಕುಕ್ಕರಗಾಲಲ್ಲಿ ಕೂತು ಪೈರಿನ ಎಲೆಯನ್ನು ಉಗುರಿಂದ ಸವರಿ ನೋಡುತ್ತಿದ್ದಳು. ಅವಳ ಉಗುರಿನ ಸಂದಿಯ ಕಪ್ಪು ನೋಡಿದ ಕೂಡಲೇ ನನಗೆ ಗೊತ್ತಾಯಿತು, ಮಣ್ಣಿನ ಕೈ ಅದು. ಅವಳ ಅಪ್ಪನ ಕಾಲದಿಂದ ಬೀಟ್‌ರೂಟ್ ಬೆಳೆಯುವವರಂತೆ. ಅವಳು ತಲೆಯೆತ್ತಿ ನನ್ನನ್ನು ಕೇಳಿದಳು: ಇದು ನಿನ್ನೆ ಮೊನ್ನೆ ನೆಟ್ಟದ್ದಲ್ಲ, ಇದನ್ನು ಕೀಳಿ ಎಂದು ಆ ಮ್ಯಾನೇಜರ್ ಕೈಸನ್ನೆ ಮಾಡುತ್ತಿದ್ದಾರಲ್ಲ, ಯಾಕೆ?

ಕಾರ್ಡಿನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಆದರೂ ಹೇಳಿದೆ. ಶನಿವಾರ ನೆಡುವುದು, ಭಾನುವಾರ ಕೀಳುವುದು, ಮೂರು ತಿಂಗಳಿಂದ ನಾನು ಕಾರ್ಡು ನೋಡಿ ಉತ್ತರ ಹೇಳಿದ್ದು, ಎಲ್ಲವನ್ನೂ ಹೇಳಿದೆ. ನನ್ನ ಇಂಗ್ಲಿಷಿನಲ್ಲಿ ಎರಡು ಕಡೆ ವ್ಯಾಕರಣ ಕೆಟ್ಟಿತು, ಹೋಗಲಿ ಬಿಡಿ. ಆಮೇಲೆ ಅಮ್ಮನ ಕಡೆ ತಿರುಗಿ, ಇವರಿಗೆ ನೀನು ಏನು ಹೇಳಬೇಕು ಅಂತೀಯಾ, ಅದನ್ನೇ ಹೇಳ್ತೀನಿ ಎಂದೆ. ಅಮ್ಮ ಸೆರಗು ಬಿಗಿದುಕೊಂಡು, "ಹೊಸದಾಗಿ ನೆಡೋಕೆ ಏನೂ ಇಲ್ಲ. ಅಲ್ಲಲ್ಲಿ ಸತ್ತಿವೆ, ಆ ಜಾಗ ತುಂಬಬೇಕು. ತುಂಬೋದಾದ್ರೆ ಇಳೀಲಿ. ಸೀರೆ ನೋಡೋಕೆ ಬಂದಿದ್ರೆ ನೋಡ್ಕೊಂಡು ಹೋಗಲಿ" ಎಂದಳು. ಒಂದಕ್ಷರ ಬಿಡದೆ ಹೇಳಿದೆ.

ಆನೆಲೀಸ್ ಚಪ್ಪಲಿ ಬಿಟ್ಟು ಮೊದಲು ಇಳಿದಳು, ಅವಳ ಹಿಂದೆ ಮೂರು ಜನ. ಇಬ್ಬರು ಇಳಿಯಲಿಲ್ಲ, ತೋರಿಸುತ್ತೇವೆಂದದ್ದನ್ನು ತೋರಿಸಲಿಲ್ಲ ಎಂದು ಜಗಳವಾಡಿದರು, ಅವರ ದೃಷ್ಟಿಯಲ್ಲಿ ಅದೂ ಸರಿಯೇ. ಪಾಪಾತ್ತಿ ಅತ್ತೆಗೆ ಹಬ್ಬ. "ಏ ಬಿಳೀ ಅಕ್ಕಾ, ಅಷ್ಟು ಆಳಕ್ಕೆ ಯಾಕೆ ಊರ್ತೀಯ? ಅದೇನು ಕರೆಂಟು ಕಂಬವಾ? ಬೆರಳಷ್ಟು, ಬೆರಳಷ್ಟು!" "ಲೋ ಉದ್ದನೆಯವನೇ, ತುಳೀಬೇಡ್ವೋ, ನಿನ್ನ ಪಾದಕ್ಕೆ ಅರ್ಧ ಗದ್ದೆ ಬೇಕು!" ಅದನ್ನೂ ಹೇಳಬೇಕಾ ಎಂದು ನಾನು ಅಮ್ಮನ ಮುಖ ನೋಡಿದೆ. "ಹೇಳು, ಹೇಳು" ಎಂದಳು. ಉದ್ದನೆಯವನು ನಗುವುದಕ್ಕೆ ಹೋಗಿ ನಿಂತಲ್ಲೇ ಕೆಸರಿಗೆ ಬಿದ್ದ. ಎರಡು ಗಂಟೆ ಕಾಲ ಬಿಸಿಲಲ್ಲಿ ಬಗ್ಗಿ ಸತ್ತ ಜಾಗವನ್ನೆಲ್ಲ ತುಂಬಿದರು. ಕೊನೆಯ ಸಸಿ ಊರಿದಾಗ ಯಾರೂ ಕೈ ಎತ್ತಲಿಲ್ಲ, ಆದರೂ ಅಮ್ಮನ ಗಂಟಲಿನಿಂದ ಕುಲವೆ ಎದ್ದಿತು. ಆಮೇಲೆ ಎಲ್ಲರದೂ. ಮೂರು ತಿಂಗಳಲ್ಲಿ ನಾನು ಎಷ್ಟೋ ಸಲ ಕೇಳಿದ್ದೆ, ಅದು ಇಷ್ಟು ದೂರ ಹೋಗುವ ದನಿಯೆಂದು ಗೊತ್ತಿರಲಿಲ್ಲ. ಕಾಲುವೆಯ ಆಚೆ ಯಂತ್ರ ಓಡಿಸುತ್ತಿದ್ದವನು ಯಂತ್ರ ನಿಲ್ಲಿಸಿ ನೋಡಿದ.

ಹೊರಡುವ ಮೊದಲು ಆನೆಲೀಸ್ ಅಮ್ಮನಿಗೆ ಒಂದೇ ಪ್ರಶ್ನೆ ಕೇಳಿದಳು, ಬೆನ್ನು ನೋಯುತ್ತದೆಯೇ ಎಂದು. "ಸಾಯೋಷ್ಟು ನೋಯುತ್ತೆ, ನಿನಗೆ?" ಎಂದಳು ಅಮ್ಮ. "ನನಗೂ" ಎಂದಳು ಅವಳು. ಇಬ್ಬರೂ ಸೊಂಟ ಹಿಡಿದುಕೊಂಡು ನಿಂತರು.

ಅಂದು ಸಂಜೆಯೇ ಮ್ಯಾನೇಜರ್ ನನ್ನನ್ನು ಕೆಲಸದಿಂದ ತೆಗೆದು ನಿಮಗೆ ಫೋನ್ ಮಾಡಿದರು. ಅವರು ನಿಮಗೆ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ: ನಾನು ಅತಿಥಿಗಳ ಮುಂದೆ ಅವರ ಮರ್ಯಾದೆ ತೆಗೆದೆ. ಆದರೆ ನಿನ್ನೆ ಅತಿಥಿಗಳಿರಲಿಲ್ಲ, ಬರುವ ಶನಿವಾರ ಇದ್ದಾರೆ, ಅಷ್ಟರೊಳಗೆ ನಾನು ತಪ್ಪೊಪ್ಪಿಕೊಳ್ಳದಿದ್ದರೆ, ಹೆಂಗಸರು ಪೈರು ಕೀಳದಿದ್ದರೆ ತಾವೇ ಆಳು ತಂದು ಕೀಳಿಸುವುದಾಗಿ ಹೇಳಿದ್ದಾರಲ್ಲ, ಅದನ್ನು ನಿಮಗೆ ಹೇಳಿದರೋ ಇಲ್ಲವೋ ಗೊತ್ತಿಲ್ಲ. ನಾನು ಕ್ಷಮೆ ಕೇಳಬೇಕಾದದ್ದೊಂದಿದೆ. ಮೂರು ತಿಂಗಳು ಅಮ್ಮನ ಬೆನ್ನು ನೋಯುವುದಿಲ್ಲ ಎಂದು ಲೋಕಕ್ಕೆಲ್ಲ ಹೇಳಿದೆನಲ್ಲ, ಅದಕ್ಕೆ. ಅದನ್ನು ಅಮ್ಮನ ಹತ್ತಿರ ಕೇಳಿದ್ದೇನೆ. "ಹೋಗೇ ಹುಚ್ಚಿ, ಹಸುವಿಗೆ ನೀರಿಡು" ಎಂದಳು. ಬೇರೆ ಯಾರ ಹತ್ತಿರವೂ ಕೇಳುವುದಿಲ್ಲ. ಅತಿಥಿಗೃಹದವರಿಗೆ ನೀವು ಕೊಟ್ಟ ಮಾತು ಹೋಗುತ್ತದೆ ಎಂದಿರಿ. ಆ ಪೈರಿನ ಬಗ್ಗೆ ಮಾತು ಕೊಡಬೇಕಾದವರು ಯಾರು ಎಂದು ನಾನು ಮಂಗಳವಾರದಿಂದ ಯೋಚಿಸುತ್ತಿದ್ದೇನೆ.

ಮೈಮೇಲೆ ಜ್ಞಾನವಿರಲಿ, ಎತ್ತರದ ಕೆಲಸಕ್ಕೆ ಹತ್ತುವಾಗ ಹಗ್ಗ ನೋಡಿಕೊಳ್ಳಿ. ಮುಖವಾಡ ಮೂಗಿನ ಮೇಲಿರಲಿ. ಪಾಪಾತ್ತಿ ಅತ್ತೆ ನಿಮ್ಮನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಬರುವಾಗ ತಲೆನೋವಿನ ಎಣ್ಣೆ ತರದಿದ್ದರೆ ಊರೊಳಗೆ ಬಿಡುವುದಿಲ್ಲವಂತೆ.

ನಿಮ್ಮ ಪಾದಕ್ಕೆ ನಮಸ್ಕರಿಸಿ, ಹೇಳಿದ ಮಾತು ಕೇಳದ
ನಿಮ್ಮ ಮಗಳು,
ತೇನ್ಮೊಳಿ

ಮತ್ತೊಂದು ವಿಷಯ: ವೀರಮಣಿ ಅಣ್ಣ ಪೆಟ್ಟಿಗೆ ಕಟ್ಟಬೇಕು, ಈಗಲೇ ಕೊಡು ಎಂದು ಹೊರಗೆ ಹಾರ್ನ್ ಹೊಡೆಯುತ್ತಿದ್ದಾರೆ. ಬೇಗ ಬರೆಯುತ್ತೇನೆ. ಗುರುವಾರ ತಾಲ್ಲೂಕು ಕಚೇರಿಗೆ ಹೋಗಿ ಸೆಲ್ಲಾಯಿ ಗದ್ದೆಯ ಪಟ್ಟಾ ತೆಗೆಸಿದೆ. ಅದರಲ್ಲಿ ನಿಮ್ಮ ಹೆಸರಿಲ್ಲ ಅಪ್ಪಾ. ಸೆಲ್ಲಾಯಿ ಅಜ್ಜಿಯ ಮಗಳು ಅಂಜಲೈ ಎಂದಿದೆ, ನಮ್ಮ ಅಮ್ಮ. ಅಜ್ಜಿ ತೀರಿಕೊಂಡಾಗ ನೀವೇ ಓಡಾಡಿ ಕಾಗದ ಮಾಡಿಸಿದ್ದಂತೆ, ತೋರಿಸಿದ ಕಡೆ ಅಮ್ಮ ಹೆಬ್ಬೆಟ್ಟು ಒತ್ತಿದ್ದಂತೆ. ಮನೆಯ ಗಂಡಸು ಸಹಿ ಹಾಕಿದರೆ ಸಾಕೆಂದು ನೀವೂ ಅಂದುಕೊಂಡಿರಿ, ಮ್ಯಾನೇಜರೂ ಅಂದುಕೊಂಡರು. ಇಲ್ಲಿ ಎಲ್ಲರೂ ಹಾಗೇ ಅಂದುಕೊಳ್ಳುವುದು. ಪೊಂಗಲಿನಲ್ಲಿ ನೀವು ಹಾಕಿದ ಸಹಿ ಅಮ್ಮನ ಗದ್ದೆಯ ಮೇಲೆ ನಡೆಯುವುದಿಲ್ಲ. ಶನಿವಾರ ಅವರು ಆಳು ಕರೆತಂದರೆ ಬದುವಿನ ಮೇಲೆ ಎಂಟು ಜನ ಹೆಂಗಸರೂ ನಾನೂ ಪಟ್ಟಾ ಹಿಡಿದು ನಿಂತಿರುತ್ತೇವೆ, ಅದನ್ನು ಓದಿ ಹೇಳುವವಳು ನಾನೇ. ತೈ ತಿಂಗಳಲ್ಲಿ, ಪೊಂಗಲಿನ ಹೊತ್ತಿಗೆ, ಕೊಯ್ಲು. ನಿಮ್ಮನ್ನು ಕರೆಯಬಹುದೇ ಎಂದು ಗದ್ದೆಯ ಒಡತಿಯನ್ನು ಕೇಳಿದೆ. ಹಸುವಿಗೆ ಹುಲ್ಲು ಹಾಕುತ್ತಲೇ, "ಬರಲಿ, ಕುಡುಗೋಲು ಕೊಡ್ತೀನಿ" ಎಂದಳು.