ನಾಮಪತ್ರದ ಮೊದಲ ಸಹಿ

ಕಾರ್ಬೆಕ್
ಸೋಮವಾರ, ಮೇ ೬, ೨೦೧೯

ನನ್ನ ಬೆರಿಲ್,

ಹೀಗೆ ಕರೆಯುವ ಹಕ್ಕು ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಮೊದಲು ಬರೀ ‘ಬೆರಿಲ್’ ಎಂದು ಬರೆದೆ. ಪುರಸಭೆಯ ನೋಟೀಸಿನ ಹಾಗೆ ಕಂಡಿತು, ಹರಿದು ಹಾಕಿದೆ. ಎರಡು ಬೀದಿ ಆಚೆ ಇರುವವಳಿಗೆ ಅಂಚೆಯಲ್ಲಿ ಕಾಗದ ಹಾಕುವ ಕಾಲ ಬಂತು ನೋಡು. ಫೋನ್ ಮಾಡಿದರೆ ನೀನು ಇಟ್ಟುಬಿಡುತ್ತೀ. ಎದುರಿಗೆ ಬಂದರೆ ನಾನು ಅಳುತ್ತೇನೆ. ಕಾಗದವೇ ವಾಸಿ.

ಮೊದಲು ನನ್ನ ಸಿಟ್ಟನ್ನು ಹೇಳಿ ಮುಗಿಸುತ್ತೇನೆ, ಮಧ್ಯೆ ಬಾಯಿ ಹಾಕಬೇಡ.

ಏಪ್ರಿಲ್ ಮೊದಲ ಶುಕ್ರವಾರ ಸಂತೆಕಟ್ಟೆಯಲ್ಲಿ ಮೀನು ತೆಗೆದುಕೊಂಡು ಪುರಭವನದ ಮುಂದೆ ಹಾದು ಬರುತ್ತಿದ್ದೆ. ಅಭ್ಯರ್ಥಿಗಳ ಪಟ್ಟಿ ಅಂಟಿಸಿದ್ದರು. ನಮ್ಮ ಮಿಲ್‌ಗೇಟ್ ವಾರ್ಡಿಗೆ ಇಬ್ಬರೇ: ನಾನು, ಮತ್ತು ಆ ಮನೆ ಮಾರಿಸುವ ಜೂಲಿಯನ್ ಹೋಲ್ರಾಯ್ಡ್. ಅವನ ನಾಮಪತ್ರಕ್ಕೆ ಸಹಿ ಹಾಕಿದ ಹತ್ತು ಜನ ಯಾರಿರಬಹುದು ಎಂದು ಕುತೂಹಲಕ್ಕೆ ಕಣ್ಣು ಹಾಯಿಸಿದೆ. ಮೊದಲನೇ ಹೆಸರು, ಸೂಚಕರ ಜಾಗದಲ್ಲಿ, ಬೆರಿಲ್ ಆರ್ಮರಾಡ್.

ನಾನು ಎಂಥ ಪೆದ್ದಿ ಎಂದರೆ, ಒಳಗೆ ಹೋಗಿ ಗುಮಾಸ್ತೆಯನ್ನು ಕೇಳಿದೆ, ಈ ಊರಿನಲ್ಲಿ ಇನ್ನೊಬ್ಬ ಬೆರಿಲ್ ಆರ್ಮರಾಡ್ ಇದ್ದಾರೆಯೇ ಎಂದು. ಆಕೆ ಮತದಾರರ ಪಟ್ಟಿ ತಿರುವಿ ನೋಡಿ, ಮೆಲ್ಲಗೆ ಹೇಳಿದಳು: “ಒಬ್ಬರೇ ಇರೋದು, ಮಿಸೆಸ್ ಲಮ್. ಟೆಂಟರ್ ಲೇನಲ್ಲಿ. ನಿಮ್ಮ ಸ್ನೇಹಿತೆ ಅಲ್ವಾ?” ನಾನು ಹೌದು ಎಂದೆ. ಮೀನಿನ ಪೊಟ್ಟಣವನ್ನು ಅವಳ ಮೇಜಿನ ಮೇಲೇ ಮರೆತು ಬಂದೆ.

ಮಾರ್ಚಿನಲ್ಲಿ ನನ್ನ ನಾಮಪತ್ರ ಹಿಡಿದು ನಿನ್ನ ಮನೆಗೆ ಬಂದಿದ್ದೆನಲ್ಲ, ಕನ್ನಡಕ ರಿಪೇರಿಗೆ ಕೊಟ್ಟಿದ್ದೇನೆ, ಅಕ್ಷರ ಕಾಣುವುದಿಲ್ಲ, ಬೇರೆ ಯಾರಿಂದಲಾದರೂ ಹಾಕಿಸಿಕೋ ಎಂದೆ ನೀನು. ಕನ್ನಡಕ ನಿನ್ನ ತಲೆಯ ಮೇಲೇ ಇತ್ತು. ಮರೆವು ಹಿಡಿದ ಗಂಡ ಕ್ಲಿಫರ್ಡ್‌ನ ಹಿಂದೆ ಓಡಾಡಿ ದಣಿದಿದ್ದಾಳೆ, ಪಾಪ, ಎಂದುಕೊಂಡು ನಗುತ್ತಲೇ ಪಕ್ಕದ ಮನೆಯವರ ಬಾಗಿಲು ತಟ್ಟಿದೆ. ಹನ್ನೆರಡು ವರ್ಷದಲ್ಲಿ ಮೂರು ಚುನಾವಣೆ, ಮೂರಕ್ಕೂ ನೀನೇ ನನ್ನ ಸೂಚಕಿ. ನೀನಲ್ಲದೆ ಬೇರೆ ಯಾರ ಸಹಿಯಾದರೂ ಆ ಜಾಗಕ್ಕೆ ಬಂದೀತು ಎಂದು ನನಗೆ ಹೊಳೆದೇ ಇರಲಿಲ್ಲ.

ನನ್ನನ್ನು ಈ ಕೆಲಸಕ್ಕೆ ದೂಡಿದವಳು ಯಾರು? ಹೊಳೆ ಉಕ್ಕಿ ಕಾಲುಸೇತುವೆ ಕೊಚ್ಚಿಹೋಗಿ ಎರಡು ವರ್ಷವಾದರೂ ಪುರಸಭೆ ತಿರುಗಿ ನೋಡದಿದ್ದಾಗ, ಹಿಟ್ಟಿನ ಕೈಯಲ್ಲೇ ನನ್ನ ತೋಳು ಹಿಡಿದು “ಗೊಣಗಿದ್ದು ಸಾಕು ಕಣೇ ಎನಿಡ್, ನೀನೇ ನಿಂತ್ಕೋ, ಬಾಗಿಲು ನಾನು ತಟ್ತೀನಿ” ಎಂದವಳು ನೀನು. ತಟ್ಟಿದೆ ಕೂಡ. ಕೋಲ್ಡ್‌ವೆಲ್ ಮನೆಯ ನಾಯಿ ನಿನ್ನ ಮೀನಖಂಡ ಕಚ್ಚಿದಾಗ, ಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಲೇ ಆ ಮನೆಯ ನಾಲ್ಕೂ ಮತಗಳನ್ನು ನನಗೆ ಬರೆಸಿಕೊಂಡು ಬಂದೆ. ಸೇತುವೆಯಾಯಿತು. ನಾವಿಬ್ಬರೂ ಅದರ ಮೇಲೆ ಮೊದಲು ನಡೆದೆವು.

ಈ ಸಲ ಒಬ್ಬಳೇ ತಿರುಗಿದೆ. ಯಾವ ಬಾಗಿಲಿಗೆ ಹೋದರೂ ಮೊದಲ ಪ್ರಶ್ನೆ ಒಂದೇ, ಬೆರಿಲ್ ಎಲ್ಲಿ? ಮಂಡಿ ನೋವು ಎಂದೆ. ಆಮೇಲೆ ಪಟ್ಟಿ ನೋಡಿದವರು ಕೇಳುವುದನ್ನೇ ಬಿಟ್ಟರು. ಅದು ಇನ್ನೂ ಕಷ್ಟವಾಯಿತು. ನನ್ನ ಮೇಲೆ ಅವರಿಗೆಲ್ಲ ಕರುಣೆ. ಗಂಡ ಬಿಟ್ಟುಹೋದವಳನ್ನು ನೋಡುವ ಹಾಗೆ ನೋಡಿ, ಕರಪತ್ರ ತೆಗೆದುಕೊಂಡು, ಬಾಗಿಲು ಮೆತ್ತಗೆ ಹಾಕಿಕೊಳ್ಳುತ್ತಿದ್ದರು. ಹೋಲ್ರಾಯ್ಡ್ ತನ್ನ ಕರಪತ್ರದಲ್ಲಿ ಹಿರಿಯರ ಹಗಲು ಕೇಂದ್ರವನ್ನು ಮತ್ತೆ ತೆರೆಸುತ್ತೇನೆ ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದ. ಅವನಿಂದ ಆಗುವ ಕೆಲಸವಲ್ಲ, ಮಾತು ಮಾರುವವನು ಎಂದು ನಾನು ಎಲ್ಲರಿಗೂ ಹೇಳಿದೆ.

ಟೆಂಟರ್ ಲೇನಿಗೆ ಕೊನೆಯಲ್ಲಿ ಬಂದೆ. ನಿನ್ನ ಮನೆ ಬಿಟ್ಟು ಮುಂದೆ ಹೋಗಬೇಕೆಂದಿದ್ದೆ, ಕಾಲು ಕೇಳಲಿಲ್ಲ. ಬಾಗಿಲು ತೆಗೆದವನು ಕ್ಲಿಫರ್ಡ್. ನನ್ನನ್ನು ನೋಡಿ ಅವನ ಮುಖ ಎಷ್ಟು ಅರಳಿತು, ಬೆರಿಲ್. ಹೆಸರು ನೆನಪಾಗಲಿಲ್ಲ, ಆದರೆ ನಾನು ಬೇಕಾದವಳು ಎಂಬುದು ಮರೆತಿರಲಿಲ್ಲ. ಕರಪತ್ರ ತೆಗೆದುಕೊಂಡು ಜೇಬಿಗೆ ಸೇರಿಸಿ, ಗೂಟದಿಂದ ಕೋಟು ತೆಗೆದು ತೋಳು ತೂರಿಸತೊಡಗಿದ.

“ಕೇಂದ್ರದ ವ್ಯಾನ್ ಬಂತಾ?” ಎಂದು ಕೇಳಿದ. “ಇವತ್ತು ಡಾಮಿನೋಸ್ ಆಟ ಇದೆ. ನನ್ನ ಜೋಡಿ ಕಾಯ್ತಿರ್ತಾನೆ.”

ನೀನು ಹಿಂದಿನಿಂದ ಬಂದು ಆ ತೋಳನ್ನು ಮತ್ತೆ ಹೊರಗೆಳೆದೆ. “ವ್ಯಾನ್ ಬರಲ್ಲ ಕಣೋ. ನಿಲ್ಲಿಸಿಬಿಟ್ಟಿದ್ದಾರೆ.” ಯಾರು ಎಂದು ಅವನು ಕೇಳಿದ. ನೀನು ನನ್ನ ಕಡೆ ನೋಡಲಿಲ್ಲ. ಕೋಟನ್ನು ಗೂಟಕ್ಕೆ ಸಿಕ್ಕಿಸಿ, ಅದರ ಕಾಲರ್ ಸರಿಮಾಡುತ್ತ ಗೋಡೆಯ ಕಡೆಗೇ ನಿಂತೆ. ನಾನು ಮೆಟ್ಟಿಲಿಳಿದು ಬಂದೆ.

ಇಷ್ಟು ಬರೆದು ಎದ್ದು ಹೋಗಿ ಚಹಾ ಮಾಡಿಕೊಂಡೆ, ಅದು ತಣ್ಣಗಾಯಿತು. ಇನ್ನು ಮುಂದಿನದನ್ನು ಬರೆಯದೆ ಇಲ್ಲಿಗೇ ಸಹಿ ಹಾಕಿ ಕವರು ಅಂಟಿಸಿಬಿಡುವ ಆಸೆಯಿದೆ. ಹಾಗೆ ಮಾಡಿದರೆ ನಾನು ಮೋಸ ಹೋದವಳಾಗಿ, ನೀನು ಮೋಸ ಮಾಡಿದವಳಾಗಿ ಉಳಿಯುತ್ತೇವೆ. ನಾಲ್ಕು ವಾರ ಊರೆಲ್ಲ ನಾನು ಹೊತ್ತು ತಿರುಗಿದ ಮುಖ ಅದೇ.

ಫೆಬ್ರವರಿಯ ಸಭೆಯ ವಿಷಯ ನಿನಗೆ ಗೊತ್ತಾಗಿದೆ. ಯಾವಾಗ ಗೊತ್ತಾಯಿತೋ ನನಗೆ ಗೊತ್ತಿಲ್ಲ, ಆದರೆ ಗ್ರಂಥಾಲಯದ ಮೇಜಿನ ಮೇಲೆ ನಡಾವಳಿ ಪುಸ್ತಕ ಇಡುತ್ತಾರೆ, ನೀನು ಪ್ರತಿ ಗುರುವಾರ ಅಲ್ಲಿಗೆ ಹೋಗುತ್ತೀ. ಹಗಲು ಕೇಂದ್ರ ಮುಚ್ಚುವ ನಿರ್ಣಯಕ್ಕೆ ಹೆಸರು ಕರೆದು ಮತ ತೆಗೆದುಕೊಂಡ ಸಭೆ ಅದು. ಎನಿಡ್ ಲಮ್ ಎಂಬ ಹೆಸರಿನ ಮುಂದೆ ‘ಪರ’ ಎಂದು ಬರೆದಿದೆ.

ಹಿಂದಿನ ದಿನ ನಮ್ಮ ಅಧ್ಯಕ್ಷರು ನನ್ನನ್ನು ಕೂರಿಸಿಕೊಂಡು, ಗ್ರಂಥಾಲಯ ಮತ್ತು ಹಗಲು ಕೇಂದ್ರ ಎರಡರಲ್ಲಿ ಒಂದೇ ಉಳಿಯುವುದು, ನೀವು ಗಲಾಟೆ ಮಾಡಿದರೆ ಎರಡೂ ಹೋಗುತ್ತವೆ ಎಂದರು. ಅದು ನಿಜವಿರಬಹುದು. ಅವರು ಮುಂದಿನ ಅವಧಿಗೆ ನನ್ನನ್ನು ಉಪಾಧ್ಯಕ್ಷೆ ಮಾಡುವ ಮಾತನ್ನೂ ಎತ್ತಿದ್ದರು. ಅದೂ ನಿಜ. ಈ ಎರಡರಲ್ಲಿ ನನ್ನಿಂದ ‘ಪರ’ ಎನ್ನಿಸಿದ್ದು ಯಾವುದು ಎಂದು ರಾತ್ರಿ ಹಗಲು ಯೋಚಿಸಿದ್ದೇನೆ. ಮೊದಲನೆಯದು ಎಂದೇ ನನಗೆ ನಾನು ಹೇಳಿಕೊಳ್ಳುತ್ತೇನೆ. ನೀನು ನಂಬಬೇಕಾಗಿಲ್ಲ.

ಆದರೆ ಅದಕ್ಕಿಂತ ದೊಡ್ಡದು ಆಮೇಲೆ ಮಾಡಿದ್ದು. ಸಭೆ ಮುಗಿಸಿ ನೇರ ನಿನ್ನ ಮನೆಗೆ ಬಂದೆ. ಜ್ವರದಲ್ಲಿದ್ದ ಕ್ಲಿಫರ್ಡ್‌ನ ಪಕ್ಕ ನೀನು ಕೂತಿದ್ದೆ. ನಾನು ಬಾಗಿಲಲ್ಲೇ ನಿಂತು, “ಎಷ್ಟು ಹೇಳಿದ್ರೂ ಅವ್ರು ಕೇಳಲಿಲ್ಲ ಬೆರಿಲ್. ಸೋತ್ವಿ” ಎಂದೆ. ನೀನು ಎದ್ದು ಬಂದು ನನ್ನನ್ನು ಅಪ್ಪಿಕೊಂಡೆ. ನನಗೆ ಸಮಾಧಾನ ಹೇಳಿದೆ. ಒಲೆಯ ಮೇಲಿದ್ದ ಕಡುಬಿನ ತುಂಡು ಬಡಿಸಿ, ಪಾಪ, ಒಬ್ಬಳೇ ಎಷ್ಟು ಜನರ ಹತ್ತಿರ ಜಗಳವಾಡುತ್ತೀ ಎಂದೆ. ನಾನು ಆ ಕಡುಬು ತಿಂದೆ, ಬೆರಿಲ್. ಇನ್ನೊಂದು ತುಂಡು ಹಾಕಿಸಿಕೊಂಡೂ ತಿಂದೆ.

ಒಂದು ಮಾತು ನನ್ನನ್ನು ಕೇಳಬಹುದಿತ್ತು, ಹೀಗೇಕೆ ಮಾಡಿದೆ ಎಂದು. ಅದೇ ನನ್ನ ದೂರು, ಅದು ಈಗಲೂ ಹೋಗಿಲ್ಲ. ಊರಿನ ಗೋಡೆಯ ಮೇಲೆ ಓದಿ ತಿಳಿಯುವ ಹಾಗೆ ಮಾಡಿದೆಯಲ್ಲ. ಆದರೆ ನೀನು ನನ್ನ ವಿಷಯವನ್ನೂ ಹಾಗೇ ತಿಳಿದುಕೊಳ್ಳಬೇಕಾಯಿತು, ಗ್ರಂಥಾಲಯದ ಮೇಜಿನ ಮೇಲೆ ಓದಿ. ಕೇಳಿದ್ದರೆ ನಾನು ಇನ್ನೊಂದು ಸುಳ್ಳು ಹೇಳುತ್ತಿದ್ದೆ ಎಂಬುದೂ ನಿನಗೆ ಗೊತ್ತಿತ್ತೇನೋ.

ಶುಕ್ರವಾರ ಬೆಳಿಗ್ಗೆ ಎಣಿಕೆ ಆಯಿತು. ಹತ್ತೊಂಬತ್ತು ಮತದಲ್ಲಿ ಸೋತೆ. ಹೋಲ್ರಾಯ್ಡ್ ಕೈಕುಲುಕಿ, ಸೇತುವೆ ಕಟ್ಟಿಸಿದ್ದು ನೀವೇ ಅಂತ ನಮ್ಮಮ್ಮ ಹೇಳ್ತಾರೆ ಎಂದ. ಹುಡುಗ ಕೆಟ್ಟವನಲ್ಲ. ನಿನ್ನೆ ಅವನಿಗೆ ಫೋನ್ ಮಾಡಿ, ಹಗಲು ಕೇಂದ್ರದ ಕಡತ ಎಲ್ಲಿದೆ, ಯಾರನ್ನು ಹಿಡಿದರೆ ಕೆಲಸವಾಗುತ್ತದೆ ಎಂದು ಹೇಳಿದ್ದೇನೆ. ಅವನಿಂದ ಆಗದು ಎಂದು ಮನೆಮನೆಗೆ ಹೇಳಿದವಳು ನಾನೇ.

ಈಗ ನನಗೆ ಮಂಗಳವಾರ ಯಾವ ಸಭೆಯೂ ಇಲ್ಲ. ನಾಳೆ ಹತ್ತು ಗಂಟೆಗೆ ಡಾಮಿನೋಸ್ ಕಾಯಿಗಳ ಪೆಟ್ಟಿಗೆ ತೆಗೆದುಕೊಂಡು ನಿಮ್ಮ ಬಾಗಿಲಿಗೆ ಬರುತ್ತೇನೆ. ಮೂರರವರೆಗೆ ಕ್ಲಿಫರ್ಡ್‌ನ ಜೊತೆ ಕೂರುತ್ತೇನೆ, ನೀನು ಎಲ್ಲಿಗಾದರೂ ಹೋಗಿ ಬಾ. ನನ್ನ ಹತ್ತಿರ ಮಾತನಾಡಬೇಕಾಗಿಲ್ಲ. ಕಾಗದ ಅಷ್ಟರಲ್ಲಿ ಸೇರದೇ ಇರಬಹುದು, ಇವತ್ತು ಅಂಚೆಗೂ ರಜೆ. ಆದ್ದರಿಂದ ನಾನೇ ಬಂದು ನಿನ್ನ ಬಾಗಿಲ ಸಂದಿನಲ್ಲಿ ಹಾಕಿ ಹೋಗುತ್ತೇನೆ. ಒಳಗೆ ಕರೆಯಲು ಮನಸ್ಸಾಗದಿದ್ದರೆ ಚಿಲಕ ತೆಗೆಯಬೇಡ. ಮುಂದಿನ ಮಂಗಳವಾರ ಮತ್ತೆ ಬರುತ್ತೇನೆ.

ನಿನ್ನವಳೇ ಆಗಿದ್ದ,
ಎನಿಡ್

ಮರೆತ ಮಾತು: ಎಣಿಕೆಯ ಮೇಜಿನಲ್ಲಿ, ಲೆಕ್ಕಕ್ಕೆ ಬಾರದ ಮತಪತ್ರಗಳನ್ನು ಅಭ್ಯರ್ಥಿಗಳಿಗೆ ಒಂದೊಂದಾಗಿ ತೋರಿಸುತ್ತಾರೆ. ಒಂದರಲ್ಲಿ ಯಾರಿಗೂ ಗುರುತು ಹಾಕಿರಲಿಲ್ಲ. ಹೋಲ್ರಾಯ್ಡ್ ಹೆಸರಿನ ಮುಂದೆ ‘ಇವರು ಯಾರೋ ನನಗೆ ಗೊತ್ತಿಲ್ಲ’ ಎಂದು ಬರೆದಿತ್ತು. ನನ್ನ ಹೆಸರಿನ ಮುಂದೆ, ‘ಇವಳು ಯಾರೆಂದು ಗೊತ್ತು ಅಂದುಕೊಂಡಿದ್ದೆ.’ ಆ ಕೈಬರಹ ಯಾರದೆಂದು ನಾನು ಯಾರಿಗೂ ಹೇಳಿಲ್ಲ. ನಿಮ್ಮ ಆಕ್ಷೇಪವೇನಾದರೂ ಇದೆಯೇ ಎಂದು ಅಧಿಕಾರಿ ಕೇಳಿದರು. ಏನೂ ಇಲ್ಲ, ಬರೆದಿರುವುದು ಸರಿಯಾಗಿಯೇ ಇದೆ ಎಂದೆ.