ದೇವರಿಗೆ ಕೊಟ್ಟ ಮಗ

ಜೂನ್ 2, ಮಂಗಳವಾರ

ಚರ್ಚಲ್ಲಿ ಬೆಳಗ್ಗೆ ಆರೂವರೆ ಪೂಜೆ. ಬೈಬಲ್ ವಾಚನ ನನ್ನದೇ. ಕೊನೇ ಸಾಲಲ್ಲಿ ನಾಲಿಗೆ ತಡವರಿಸಿತು. ಇಪ್ಪತ್ತೆರಡು ವರ್ಷದಲ್ಲಿ ಮೂರನೇ ಸಲ. ಯಾರೂ ಗಮನಿಸಲಿಲ್ಲ ಅಂದಳು ನಮ್ಮನೆಯವಳು. ಗಮನಿಸಿದ್ದಾರೆ.

ಎಂಟಕ್ಕೆ ಮೊದಲ ಕ್ಲಾಸ್, ಬ್ಯಾಂಕಿನ ಮೇಡಂ. ಹತ್ತು ದಿನ ಆಯ್ತು, ಇನ್ನೂ ಕ್ಲಚ್ ಬಿಡೋದು ಕೆಂಡ ತುಳಿದವರ ಹಾಗೆ. "ನಿಮಗೆ ಭಯ ಆಗಲ್ವಾ ಸಾರ್?" ಅಂದರು. ಮೂವತ್ತೊಂದು ವರ್ಷದಿಂದ ಜೀವ ಕೈಯಲ್ಲಿ ಹಿಡ್ಕೊಂಡೇ ಡ್ರೈವಿಂಗ್ ಕಲಿಸ್ತಿದ್ದೀನಿ ಅನ್ನಲಿಲ್ಲ. ನನ್ನ ಕಡೆನೂ ಒಂದು ಬ್ರೇಕ್ ಇದೆ ಮೇಡಂ ಅಂದೆ.

ಭಾನುವಾರ ಫಾದರ್ ಫೋನ್ ಬರಲಿಲ್ಲ. ಹತ್ತು ವರ್ಷದಲ್ಲಿ ಒಂದು ಭಾನುವಾರ ತಪ್ಪಿಸಿದವರಲ್ಲ. ಚರ್ಚಿನ ಕೆಲಸ ಇರುತ್ತೆ ಅಂದೆ. "ಹೆತ್ತ ಮಗನ್ನ ಫಾದರ್, ಅವರು, ನೀವು ಅಂತೀರಲ್ಲ" ಅಂತ ಇವಳದ್ದು ಅದೇ ಹಳೇ ರಾಗ. ಏನು ಮಾಡಲಿ? ಗುರುಪಟ್ಟ ಕೊಟ್ಟು ಪಾದ್ರಿ ಮಾಡಿದ ದಿನ ಬಿಷಪರು ಆ ಕೈಗೆ ಎಣ್ಣೆ ಹಚ್ಚಿದ್ದನ್ನ ಕಣ್ಣಾರೆ ಕಂಡವನು. ಮಂಡಿಯೂರಿ ಆ ಅಂಗೈಗೆ ಮುತ್ತಿಟ್ಟವನು. ಆಮೇಲೆ "ಬಾರೋ, ಹೋಗೋ" ಅನ್ನೋಕೆ ಬಾಯಿ ಬರುತ್ತಾ?

ಜೂನ್ 9, ಮಂಗಳವಾರ

ಮಧ್ಯಾಹ್ನ ಫಾದರ್ ಬಂದರು. ಒಂದೇ ಬ್ಯಾಗ್. ಚೌಕುಳಿ ಅಂಗಿ. ಬಾಗಿಲಲ್ಲೇ ನಿಂತು, "ಅಪ್ಪಾ, ಒಳಗೆ ಬರಲಾ?" ಸ್ವಂತ ಮನೆಗೆ ಯಾರಾದ್ರೂ ಹಾಗೆ ಕೇಳ್ತಾರಾ?

ಅಡುಗೆಮನೆ ಮೇಜಿಗೆ ಕೂತು ಒಂದೇ ಉಸಿರಿಗೆ ಹೇಳಿದ್ದು ಇಷ್ಟು. ಬಿಷಪರಿಗೆ ಪತ್ರ ಕೊಟ್ಟಾಗಿದೆ. ಗುರುಪಟ್ಟ ಬಿಡ್ತಿದ್ದೀನಿ. ನಾನಿರೋ ಚರ್ಚಿನ ಶಾಲೆಯ ಲೆಕ್ಕದ ಟೀಚರ್. ಅವಳಿಗೆ ನಾಲ್ಕು ತಿಂಗಳು.

"ಏನು ನಾಲ್ಕು ತಿಂಗಳು?" ಅಂದೆ. ಪೆದ್ದನ ಹಾಗೆ.

ಇವಳು ಒಲೆ ಆರಿಸಿ ಬಂದು ಮಗನ ತಲೆ ಮೇಲೆ ಕೈಯಿಟ್ಟಳು. ಅಷ್ಟೇ. ನಾನು ಎದ್ದು ಹೊರಗೆ ಹೋದೆ. ಎರಡು ಕ್ಲಾಸ್ ಮುಗಿಸಿದೆ. ಯಾರಿಗೆ ಕಲಿಸಿದೆ, ಏನು ಕಲಿಸಿದೆ, ನೆನಪಿಲ್ಲ.

ಜೂನ್ 10

ಪೂಜೆಗೆ ಹೋಗಲಿಲ್ಲ. ಜ್ವರ ಅಂತ ಹೇಳಿ ಕಳಿಸಿದೆ. ಜ್ವರ ಇಲ್ಲ.

ಜೂನ್ 14, ಭಾನುವಾರ

ಎಲ್ಲರಿಗೂ ಗೊತ್ತು. ಹೇಗೆ ಅಂತ ಕೇಳಬಾರದು. ಗಾಳಿಗೆ ಬಾಯಿದೆ.

ಪೂಜೆ ಮುಗಿದ ಮೇಲೆ ಚರ್ಚ್ ಪರಿಷತ್ತಿನ ಕಾರ್ಯದರ್ಶಿ ಪಕ್ಕಕ್ಕೆ ಕರೆದರು. ಒಳ್ಳೇ ಮನುಷ್ಯ, ನನ್ನ ಹತ್ತಿರವೇ ಡ್ರೈವಿಂಗ್ ಕಲಿತವರು. ನೆಲ ನೋಡ್ತಾ, "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಸಾರ್... ವಾಚನಕ್ಕೆ ಬೇರೆಯವರನ್ನ ಹಾಕೋಣ. ಜನ ಒಂದು ಮಾತು ಹೆಚ್ಚು ಕಮ್ಮಿ ಆಡ್ತಾರೆ."

ಸರಿ ಅಂದೆ. ಅವರು ಹೇಳದಿದ್ರೆ ನಾನೇ ಹೇಳ್ತಿದ್ದೆ. ಮಗನ್ನ ದೇವರಿಗೆ ಕೊಟ್ಟ ಅಪ್ಪ ಅಂತ ಹತ್ತು ವರ್ಷ ಎದೆ ಉಬ್ಬಿಸಿಕೊಂಡು ವಾಚನಕ್ಕೆ ಪೀಠದ ಆ ಮೂರು ಮೆಟ್ಟಿಲು ಹತ್ತಿದವನು. ಇನ್ನು ಯಾವ ಮುಖ ಹೊತ್ತು ಹತ್ತಲಿ?

ಮನೇಲಿ ಇನ್ನೊಂದು ಪೇಚು. ಏನಂತ ಕರೆಯೋದು? ಫಾದರ್ ಅನ್ನೋ ಹಾಗಿಲ್ಲ. "ನೀವು" ಅಂದ್ರೆ ಅಣಕಿಸಿದ ಹಾಗೆ. "ನೀನು" ಅಂದ್ರೆ ಒಪ್ಪಿಕೊಂಡ ಹಾಗೆ. ಐದು ದಿನದಿಂದ "ಊಟ ಆಯ್ತಾ", "ಟವೆಲ್ ಅಲ್ಲಿದೆ", "ಲೈಟ್ ಆರಿಸಿಲ್ಲ". ಗೋಡೆ ಜತೆ ಮಾತಾಡಿದ ಹಾಗೆ.

ಜುಲೈ 3, ಶುಕ್ರವಾರ

ಇವತ್ತು ರಿಜಿಸ್ಟ್ರಾರ್ ಆಫೀಸಲ್ಲಿ ಮದುವೆ. ಬಿಡುಗಡೆ ಪತ್ರ ರೋಮಿನಿಂದ ಬರೋ ತನಕ ಚರ್ಚಲ್ಲಿ ಆಗೋ ಹಾಗಿಲ್ಲ. ನನಗೆ ಕಲಿಯೋರ ಲೈಸೆನ್ಸ್ ಟೆಸ್ಟ್ ಇತ್ತು. ಇತ್ತು ಅಂತ ಹೇಳಿದೆ.

ಇವಳು ಹೋಗಿ ಬಂದು, ಚಪ್ಪಲಿ ಬಿಚ್ಚುತ್ತಾ — "ಸಾಕ್ಷಿಗೆ ಒಬ್ಬರು ಕಮ್ಮಿ ಬಿದ್ದರು. ಪಕ್ಕದ ರೂಮಲ್ಲಿ ಟೈಪ್ ಮಾಡ್ತಿದ್ದ ಹೆಂಗಸನ್ನ ಕರೆದು ಸಹಿ ಹಾಕಿಸಿದ್ರು. ಪಾಪ, ಅವಳು ಇಬ್ಬರಿಗೂ ಒಳ್ಳೇದಾಗಲಿ ಅಂದಳು." ಅಷ್ಟು ಹೇಳಿ ಒಳಗೆ ಹೋದಳು. ಬೈದಿದ್ದರೆ ವಾಸಿ ಇತ್ತು.

ಹಳೇ ಪೋಸ್ಟಾಫೀಸಿನ ಹಿಂದೆ ಎರಡು ಕೋಣೆಯ ಮನೆ ಹಿಡಿದಿದ್ದಾರಂತೆ.

ಜುಲೈ 20, ಸೋಮವಾರ

ಔಷಧಿ ಸಾಗಿಸೋ ವ್ಯಾನಿಗೆ ಡ್ರೈವರ್ ಬೇಕಂತೆ. ಕೆಲಸ ಸಿಗಬೇಕಾದ್ರೆ ಲೈಸೆನ್ಸ್. ಊರಿಗೆಲ್ಲ ಕಲಿಸಿದವನ ಮಗನಿಗೆ ಸ್ಟೀರಿಂಗ್ ಹಿಡಿಯೋಕೆ ಬರಲ್ಲ. ಹದಿನಾರಕ್ಕೇ ಸೆಮಿನರಿ ಸೇರಿದ್ದು, ಕಲಿಸೋಕೆ ನನಗೆಲ್ಲಿತ್ತು ಪುರುಸೊತ್ತು. ಕಲಿಸಿ ಅಂತ ಇವಳ ಅಪ್ಪಣೆ. ಇವತ್ತಿಗೆ ಆರನೇ ದಿನ.

"ಹಾಕು" ಅನ್ನಬೇಕೋ "ಹಾಕಿ" ಅನ್ನಬೇಕೋ ಗೊತ್ತಾಗದೆ ಬರೀ ಹೆಸರು ಹೇಳ್ತಾ ಕೂತಿರ್ತೀನಿ. ಕ್ಲಚ್. ಫಸ್ಟ್. ನಿಧಾನ. ಕನ್ನಡಿ. ಬ್ರೇಕ್.

ರೈಲ್ವೆ ಗೇಟ್ ಹಾಕಿತ್ತು. ಎಂಜಿನ್ ಆಫ್. ಇಬ್ಬರೂ ಮುಂದೆ ನೋಡ್ತಾ ಕೂತಿದ್ದೆವು. ಆಗ — "ಅಪ್ಪಾ, ಹರಕೆ ವಿಷಯ ನನಗೆ ಗೊತ್ತು."

ಅದನ್ನ ಈ ಡೈರಿಯಲ್ಲೂ ಇದುವರೆಗೆ ಬರೆದಿಲ್ಲ. ಬರೀತೀನಿ. ಆಗ ಅವನಿಗೆ ಆರು ವರ್ಷ. ಮೆದುಳು ಜ್ವರ. ಹನ್ನೊಂದು ದಿನ ಕಣ್ಣು ಬಿಡಲಿಲ್ಲ. ಆಸ್ಪತ್ರೆಯ ಪ್ರಾರ್ಥನಾ ಕೋಣೆಯಲ್ಲಿ ಮಂಡಿಯೂರಿ ಅಂದಿದ್ದೆ, ಇವನನ್ನ ಉಳಿಸು, ನಿನಗೇ ಕೊಡ್ತೀನಿ. ಹನ್ನೆರಡನೇ ದಿನ ನೀರು ಕೇಳಿದ. ಇವಳೊಬ್ಬಳಿಗೆ ಹೇಳಿದ್ದೆ.

"ಯಾವಾಗಿಂದ ಗೊತ್ತು?"

"ಹದಿಮೂರು ವರ್ಷ ಇದ್ದಾಗ ಅಮ್ಮ ಹೇಳಿದ್ರು. ಖುಷಿಗೇ ಹೇಳಿದ್ದು. ನೀನು ದೇವರು ವಾಪಸ್ ಕೊಟ್ಟ ಮಗು ಅಂತ."

"ಅದಕ್ಕೇ ಸೆಮಿನರಿಗೆ ಹೋಗಿದ್ದಾ?"

"ಅದಕ್ಕೊಂದಕ್ಕೇ ಅಲ್ಲ. ನನಗೂ ಆಸೆ ಇತ್ತು. ಆದರೆ ಎಷ್ಟು ನನ್ನ ಆಸೆ, ಎಷ್ಟು ನಿಮ್ಮ ಹರಕೆ ಅಂತ ಬಿಡಿಸಿ ನೋಡೋಕೆ ಆಗಲೇ ಇಲ್ಲ. ಹೋಗದಿದ್ರೆ ಮತ್ತೆ ಜ್ವರ ಬರುತ್ತೇನೋ ಅಂತ ಭಯ... ಚಿಕ್ಕವನಲ್ವಾ." ಕೀ ಮೇಲೆ ಕೈಯಿಟ್ಟು, "ನಿಮ್ಮನ್ನ ದೂರ್ತಿಲ್ಲ ಅಪ್ಪ. ತಪ್ಪು ನನ್ನದು. ಅವಳಿಗೂ ಅನ್ಯಾಯ ಮಾಡಿದೆ, ಜನರಿಗೂ. ನಿಮಗೆ ಗೊತ್ತಿರಲಿ ಅಂತ ಹೇಳಿದೆ."

ಗೇಟ್ ತೆರೀತು. ಹಿಂದೆ ಹಾರ್ನ್. ಎಂಜಿನ್ ಎರಡು ಸಲ ನಿಂತುಹೋಯ್ತು. ನನ್ನ ಕಾಲು ಬ್ರೇಕ್ ಮೇಲಿತ್ತು, ನನಗೇ ಗೊತ್ತಿಲ್ಲದೆ ಒತ್ತಿಕೊಂಡಿದ್ದೆ.

ಆಗಸ್ಟ್ 15, ಶನಿವಾರ

ಪಾಪನಿವೇದನೆಗೆ ಹೋದೆ. ಎರಡು ತಿಂಗಳಾಗಿತ್ತು. ನಮ್ಮ ಚರ್ಚಿನ ಚಿಕ್ಕ ಸ್ವಾಮಿಗಳು ಸೆಮಿನರಿಯಲ್ಲಿ ಅವನಿಗಿಂತ ಮೂರು ವರ್ಷ ಕಿರಿಯರು. ಅವರ ಮುಂದೆ ಇದನ್ನೆಲ್ಲ ಹೇಳೋದು... ಹೇಳಿದೆ. ಹರಕೆ. ಮದುವೆಗೆ ಹೋಗದ್ದು. ಹತ್ತು ವರ್ಷದ ಜಂಬ.

ಜಾಲರಿ ಆಚೆಯಿಂದ ಮೆಲ್ಲಗೆ, "ಹರಕೆ ಹೊತ್ತವರನ್ನ ಮಾತ್ರ ಕಟ್ಟಿಹಾಕುತ್ತೆ. ಇನ್ನೊಬ್ಬರ ಹೆಗಲಿಗೆ ದಾಟಿಸೋಕೆ ಬರಲ್ಲ. ಇದು ನನ್ನ ಮಾತಲ್ಲ, ಧರ್ಮಸಭೆಯ ನಿಯಮ. ಆವತ್ತು ನೀವು ಏನು ಕೊಡ್ತೀನಿ ಅಂದ್ರೋ ಅದು ನಿಮ್ಮದಾಗಿರಲಿಲ್ಲ."

"ಹಾಗಾದ್ರೆ ದೇವರು ಉಳಿಸಿದ್ದು?"

"ಉಳಿಸಬೇಕು ಅನ್ನಿಸ್ತು, ಉಳಿಸಿದ. ಬದಲಿಗೆ ಕೇಳಿದ್ನಾ?"

ಪ್ರಾಯಶ್ಚಿತ್ತಕ್ಕೆ ಎಷ್ಟು ಜಪಸರ ಅಂದೆ. "ಜಪ ನೀವು ಹೇಗಿದ್ರೂ ಮಾಡ್ತೀರಿ. ಒಂದು ಸಲ ಅವರ ಮನೆಗೆ ಹೋಗಿ ಬನ್ನಿ."

ನೂರು ಜಪಸರ ಕೊಟ್ಟಿದ್ದರೆ ಇವತ್ತೇ ಮುಗಿಸ್ತಿದ್ದೆ.

ಆಗಸ್ಟ್ 16

ಪೋಸ್ಟಾಫೀಸಿನ ತನಕ ಹೋದೆ. ವಾಪಸ್ ಬಂದೆ.

ಆಗಸ್ಟ್ 30, ಭಾನುವಾರ

ಚರ್ಚಲ್ಲಿ ಕಂಬದ ಹಿಂದಿನ ಬೆಂಚು. ಪ್ರಾಯಶ್ಚಿತ್ತ ಇನ್ನೂ ಬಾಕಿ, ಪರಮಪ್ರಸಾದಕ್ಕೆ ಏಳಲಿಲ್ಲ. ಇವಳು ನನ್ನ ಮಂಡಿ ದಾಟಿಕೊಂಡು ಹೋದಳು, ನನ್ನ ಮಂಡಿ ದಾಟಿಕೊಂಡು ವಾಪಸ್ ಬಂದಳು.

ಸೆಪ್ಟೆಂಬರ್ 5, ಶನಿವಾರ

ಹೋದೆ.

ಅವನು ವ್ಯಾನ್ ಮೇಲೆ ಹೋಗಿದ್ದ. ಬಾಗಿಲು ತೆಗೆದಿದ್ದು ಟೀಚರ್. ಫೋಟೋ ನೋಡಿದ್ದೆ ಅಷ್ಟೇ. ಇನ್ನೂ ಎತ್ತರ, ಕಾಲು ಊದಿಕೊಂಡಿದೆ. ಒಂದೇ ಕುರ್ಚಿ. ನನ್ನನ್ನ ಅದರಲ್ಲಿ ಕೂರಿಸಿ ತಾನು ಮಂಚದ ತುದಿಗೆ ಕೂತಳು. ಕಿಟಕಿಯಲ್ಲಿ ಟ್ಯೂಷನ್ ಮಕ್ಕಳ ನೋಟ್‌ಬುಕ್ಕುಗಳ ಕಟ್ಟು.

"ನೀವು ಬಂದೇ ಬರ್ತೀರಿ ಅಂತ ಇವರು ಹೇಳ್ತಿದ್ರು ಮಾವ. ನಾನು ನಂಬಿರಲಿಲ್ಲ."

ನಾನೂ ನಂಬಿರಲಿಲ್ಲ ಅಂದೆ. ನಕ್ಕಳು. ಕಾಫಿ ತಂದಳು. ಸಕ್ಕರೆ ಜಾಸ್ತಿ. ಕುಡಿದೆ.

"ನಿಮ್ಮ ಮಗನ್ನ ದೇವರಿಂದ ಕಸ್ಕೊಂಡವಳು ಅಂತ ಅನ್ಸುತ್ತಾ ನಿಮಗೆ?"

ಇಷ್ಟು ನೇರ ಯಾರಾದ್ರೂ ಕೇಳ್ತಾರಾ? ಲೆಕ್ಕದ ಟೀಚರ್ ಅಲ್ವಾ. ಲೋಟ ಕೆಳಗಿಟ್ಟೆ.

"ನನಗೂ ಒಂದೊಂದು ಸಲ ಅನ್ಸುತ್ತೆ," ಅಂದಳು. "ಪ್ರಾರ್ಥನೆಗೆ ಕೂತಾಗ. ಆಗ ಒಳಗಿಂದ ಇದು ಒದೆಯುತ್ತೆ."

ಹೊರಡುವಾಗ ಏನೋ ಹೇಳಬೇಕಿತ್ತು. "ಮೆಟ್ಟಿಲು ಜಾರುತ್ತೆ, ಹುಷಾರಮ್ಮಾ" ಅಂದೆ.

ಸೆಪ್ಟೆಂಬರ್ 23, ಬುಧವಾರ, ಬೆಳಗ್ಗೆ

ನಿನ್ನೆಯದು ಬರೀತಿದ್ದೀನಿ. ಆಸ್ಪತ್ರೆಯ ಮೂರನೇ ಮಹಡಿ, ಬೆಂಚು.

ಬೆಳಗ್ಗೆ ಹನ್ನೊಂದಕ್ಕೆ ಇವಳ ಫೋನ್. ಇನ್ನೂ ಕಲೀತಾನೇ ಇರೋ ಬ್ಯಾಂಕಿನ ಮೇಡಂನ ನಡುರಸ್ತೆಯಲ್ಲಿ ಕೆಳಗಿಳಿಸಿ ಬಂದೆ. ಏಳು ತಿಂಗಳಿಗೇ ಹೆರಿಗೆ. ಹೆಣ್ಣು. ಒಂದು ಕೇಜಿ ಇನ್ನೂರು ಗ್ರಾಂ. ತಾಯಿ ಪರವಾಗಿಲ್ಲ. ಮಗುವಿಗೆ ಉಸಿರಾಟದ ಯಂತ್ರ.

ಮೂರೂವರೆಗೆ ಡಾಕ್ಟರಮ್ಮ ಹೊರಗೆ ಬಂದರು. ಶ್ವಾಸಕೋಶ ಹಿಡೀತಿಲ್ಲ. ಪ್ರಾರ್ಥನೆ ಗೀರ್ಥನೆ ಮಾಡೋದಿದ್ರೆ ಈಗ ಮಾಡಿ, ಇಬ್ಬರು ಬರಬಹುದು. ಮಗುವಿಗೆ ದೀಕ್ಷಾಸ್ನಾನ ಕೊಡಿ ಅಂತ ಚಿಕ್ಕ ಸ್ವಾಮಿಗಳಿಗೆ ಇವಳು ಫೋನ್ ಮಾಡಿದಳು. ಎರಡು ಗಂಟೆ ದಾರಿ ದೂರದಲ್ಲಿ ಒಂದು ಶವಸಂಸ್ಕಾರದಲ್ಲಿದ್ದರು.

ಸಿಂಕ್ ಹತ್ತಿರ ಮೊಣಕೈ ತನಕ ಕೈ ತೊಳೀಬೇಕು. ಅವನೂ ನಾನೂ ಪಕ್ಕಪಕ್ಕದಲ್ಲಿ ತೊಳೀತಿದ್ದೆವು. ಆಗ ಬಂತು ಬಾಯಿಗೆ, ಇವಳನ್ನ ಉಳಿಸು, ನಿನಗೇ... ಹಲ್ಲು ಕಚ್ಚಿದೆ. ಕೊಡೋಕೆ ನಾನ್ಯಾರು? ಉಳಿಸು ಅಂತಷ್ಟೇ ಅಂದೆ. ಬರಿಗೈಯಲ್ಲಿ ಕೇಳಿದ್ದು ಜೀವನದಲ್ಲಿ ಇದೇ ಮೊದಲು.

ಗಾಜಿನ ಪೆಟ್ಟಿಗೆ. ಅಂಗೈ ಉದ್ದದ ಬೆನ್ನು. ಮೂಗಲ್ಲಿ, ಹೊಕ್ಕುಳಲ್ಲಿ ನಳಿಗೆ. ನರ್ಸ್ ಕುದಿಸಿ ಆರಿಸಿದ ನೀರನ್ನ ಒಂದು ಸಣ್ಣ ಸಿರಿಂಜಲ್ಲಿ ತುಂಬಿ ಕೊಟ್ಟಳು. ಸೂಜಿ ಇಲ್ಲದ್ದು. ಅವನು ಅದನ್ನ ನನ್ನ ಕಡೆ ಚಾಚಿದ.

"ನೀವು ಕೊಡಿ ಅಪ್ಪ. ನನ್ನ ಕೈಯಿಂದ ಬೇಡ. ಈ ಕೈ ನಾನು..."

ಸಿರಿಂಜನ್ನ ಅವನ ಕಡೆಗೇ ತಳ್ಳಿದೆ.

"ನೀನು ಕೊಡು," ಅಂದೆ. "ನೀರು ಹಾಕೋಕೆ ಯಾರ ಕೈಯಾದ್ರೂ ಸಾಕು, ಅಂಥಾ ಹೊತ್ತಲ್ಲಿ ಯಾರು ಬೇಕಾದ್ರೂ ದೀಕ್ಷಾಸ್ನಾನ ಕೊಡಬಹುದು ಅಂತ ಜನಕ್ಕೆ ಪಾಠ ಮಾಡಿದವನು ನೀನು. ನೀನು ಅವಳ ಅಪ್ಪ ಕಣೋ. ಕೊಡು."

ಹೇಳಿ ಆದ ಮೇಲೆ ಗೊತ್ತಾಗಿದ್ದು, ಏನಂತ ಕರೆದೆ ಅಂತ. ಅವನಿಗೂ ಗೊತ್ತಾಯ್ತು.

ನಾನು ಅವನ ಮಣಿಕಟ್ಟು ಹಿಡ್ಕೊಂಡೆ. ಹೆಸರು ಹೇಳಿ, ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ, ಮೂರು ಸಲ ಹನಿ ಹಾಕಿದ. ಸ್ವರ ಗಟ್ಟಿಯಾಗಿತ್ತು. ಆಮೆನ್ ಅನ್ನಬೇಕಾದವನು ನಾನೊಬ್ಬನೇ. ನರ್ಸ್ ಹೇಳಿದಳು ಆಮೆನ್.

ಮಗುವಿನ ಹೆಸರು ಇಲ್ಲಿ ಬರೆಯಲ್ಲ. ಮೊದಲು ಚರ್ಚಿನ ರಿಜಿಸ್ಟರಿಗೆ ಏರಲಿ.

ಈಗ ಏಳು ಗಂಟೆ. ಇನ್ನೂ ಇದ್ದಾಳೆ.

ಸೆಪ್ಟೆಂಬರ್ 29

ಯಂತ್ರ ತೆಗೆದರು. ಸ್ವಂತ ಉಸಿರು. ಮೂಗಿಗೆ ಬರೀ ಆಕ್ಸಿಜನ್.

ಕಾರ್ಯದರ್ಶಿ ಆಸ್ಪತ್ರೆ ಗೇಟಲ್ಲಿ ಸಿಕ್ಕರು. ಒಳಗೆ ಬರಲಿಲ್ಲ. ಒಂದು ಕವರ್ ಕೈಗಿಟ್ಟು, "ನಮ್ಮನೆಯವಳು ಹೆಣೆದಿದ್ದು. ಸೈಜ್ ಸರಿಯಾಗುತ್ತೋ ಇಲ್ವೋ." ಉಣ್ಣೆಯ ಟೋಪಿ, ಕಿತ್ತಳೆ ಹಣ್ಣಿನಷ್ಟು. ಅದೂ ದೊಡ್ಡದಾಯ್ತು.

ಅಕ್ಟೋಬರ್ 11, ಭಾನುವಾರ

ಚಿಕ್ಕ ಸ್ವಾಮಿಗಳು ದೀಕ್ಷಾಸ್ನಾನದ ರಿಜಿಸ್ಟರಲ್ಲಿ ಬರೆದುಕೊಂಡರು. ತಂದೆ ಅನ್ನೋ ಕಾಲಂನಲ್ಲಿ ಪೆನ್ನು ನಿಲ್ಲಿಸಲಿಲ್ಲ. ಕೊಟ್ಟವರು ಯಾರು ಅನ್ನೋ ಕಡೆನೂ ಅದೇ ಹೆಸರು. ಒಂದೇ ಸಾಲಲ್ಲಿ ಎರಡು ಸಲ. ಇಂಥದ್ದು ನಾನು ಮೊದಲು ನೋಡಿದ್ದು ಅಂದರು. ಸಹಿ ಹಾಕೋಕೆ ಸಾಕ್ಷಿ ಬೇಕಿತ್ತು. ಹಾಕಿದೆ.

ಮುಂದಿನ ವಾರದಿಂದ ಓದ್ತೀರಾ ಅಂತ ಕೇಳಿದರು. ಯೋಚನೆ ಮಾಡ್ತೀನಿ ಅಂದೆ. ಓದದಿದ್ರೂ ನಡೆಯುತ್ತೆ ಅಂತ ಅನ್ನಿಸಿದ್ದು ಇದೇ ಮೊದಲು. ಪರಮಪ್ರಸಾದ ತಗೊಂಡೆ.

ಅಕ್ಟೋಬರ್ 19, ಸೋಮವಾರ, ನಾಲ್ಕೂಕಾಲು

ಒಂದು ಕೇಜಿ ಆರುನೂರ ಐವತ್ತು. ಈಗ ಎದೆಗೆ ಹಾಕಿಕೊಳ್ಳೋ ಚಿಕಿತ್ಸೆ. ಅಂಗಿ ಬಿಚ್ಚಿ, ಚರ್ಮಕ್ಕೆ ಚರ್ಮ ತಾಗೋ ಹಾಗೆ, ಒಂದು ಗಂಟೆ ಅಲ್ಲಾಡದೆ ಕೂರಬೇಕು. ದಿನಾ ಸಂಜೆ ಅವನ ಪಾಳಿ. ಇವತ್ತು ವ್ಯಾನ್ ಎಲ್ಲೋ ಕೆಟ್ಟು ನಿಂತಿದೆ. ಟೀಚರಿಗೆ ಜ್ವರ, ಒಳಗೆ ಬಿಡಲ್ಲ. ಇವಳಿಗೆ ಕೆಮ್ಮು. ಫೋನಲ್ಲಿ ಅವನು, "ಅಪ್ಪಾ, ನೀವು ಕೂತ್ಕೊಳ್ತೀರಾ?"

ಸ್ನಾನ ಮಾಡಿ ಬಂದಿದ್ದೀನಿ. ಉಗುರು ಕತ್ತರಿಸಿದ್ದೀನಿ. ಎದೆಯ ಬಿಳೀ ಕೂದಲು ಚುಚ್ಚುತ್ತಾ ಅಂತ ನರ್ಸನ್ನ ಕೇಳಿದೆ. ನಕ್ಕಳು. ಮಾತಾಡಿಸಿ, ಸ್ವರದ ಗುರುತು ಸಿಗುತ್ತೆ ಅಂದಳು. ಪ್ರಾರ್ಥನೆ ಹೇಳಲಾ ಅಂದ್ರೆ — ಅದೂ ಹೇಳಿ, ಆದ್ರೆ ಮಾತಾಡಿ, ಅಂದಳು.

ಏನು ಮಾತಾಡೋದು? ಅರ್ಧ ಗಂಟೆಯಿಂದ ಯೋಚಿಸ್ತಿದ್ದೀನಿ. ಮೊದಲು ನಾನು ಯಾರು ಅಂತ ಹೇಳಬೇಕಲ್ವಾ. ಇಲ್ಲಿ ಬರೆದು ನೋಡ್ತೀನಿ.

ಪುಟ್ಟೀ, ನಾನು ನಿನ್ನ ಅಪ್ಪನ... ಬಂದೆ, ಕರೀತಿದ್ದಾರೆ