ಊರು ಸುತ್ತಿ ಬಂದ ರವಿಕೆ ಕಣ

ಆಗಸ್ಟ್ 4, ಸೋಮವಾರ

ಇವತ್ತೂ ತಾಂಬೂಲದ ಚೀಲ. ಒಂದು ಕಡೆ ಮದುವೆ ಹೆಸರು, ಇನ್ನೊಂದು ಕಡೆ ಸೀರೆ ಅಂಗಡಿ ಜಾಹೀರಾತು. ನಮ್ಮ ಮನೆಯವರು ಪ್ರಿಂಟಿಂಗ್ ಸ್ಕ್ರೀನ್ ಮೇಲೆ ಬಣ್ಣ ಎಳೆಯುತ್ತಾರೆ, ನಾನು ಚೀಲ ಒಣಹಾಕುತ್ತೇನೆ. ಇಂಥ ಚೀಲ ನಮ್ಮ ಮನೆಯಲ್ಲೇ ಒಂದು ಮೂಟೆ ಇದೆ. ಮಾಗಡಿಯ ಎಲ್ಲ ಮನೆಯಲ್ಲೂ ಇರಬೇಕು. ಆದರೂ ಆರ್ಡರ್ ಬರುತ್ತೆ. ಬರದಿದ್ದರೆ? ಅದೂ ಹೆದರಿಕೆಯೇ.

ಅಂಗಡಿಯವರು ಬೇಡವೆಂದ ಹಳೇ ಸ್ಕ್ರೀನ್ ಒಂದನ್ನು ಎತ್ತಿಟ್ಟುಕೊಂಡಿದ್ದೇನೆ. ಅದರಲ್ಲಿರುವ ಅಕ್ಷರ: ‘ಒಂದು ಕೊಂಡರೆ ಒಂದು ಉಚಿತ’. ಅದನ್ನೇ ತಿರುಗಿಸಿ ತಿರುಗಿಸಿ ಒಂದರ ಮೇಲೊಂದು ಒತ್ತಿದರೆ ಅಕ್ಷರ ಹೆಣೆದುಕೊಂಡು ಮಲ್ಲಿಗೆ ಬಳ್ಳಿ ಥರ ಕಾಣುತ್ತೆ. ದೂರಕ್ಕೆ ಬಳ್ಳಿ. ಹತ್ತಿರ ಬಂದರೆ ಆಫರ್. ಒಬ್ಬಳೇ ನಕ್ಕೆ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಇಂಥದಕ್ಕೆ ಏನಂತಾರೋ ಗೊತ್ತಿಲ್ಲ.

ಆಗಸ್ಟ್ 6

ಟ್ರಂಕಿನಲ್ಲಿದ್ದ ಒಂದು ರವಿಕೆ ಕಣದ ಮೇಲೆ ಆ ಬಳ್ಳಿ ಒತ್ತಿದೆ. ಟ್ರಂಕ್ ತುಂಬ ಕಣಗಳೇ. ಹಬ್ಬಕ್ಕೆ ಅಕ್ಕಪಕ್ಕದವರು ಅರಿಶಿನ ಕುಂಕುಮದ ಜೊತೆ ನಮಗೆ ಕೊಡುತ್ತಾರೆ, ನಾವು ಇನ್ನೊಬ್ಬರಿಗೆ. ಕೊಳ್ಳುವುದು ನಿಲ್ಲುವುದಿಲ್ಲ, ಹೊಲಿಸುವವರು ಯಾರೂ ಇಲ್ಲ. ನನ್ನದನ್ನಾದರೂ ಯಾರಾದರೂ ಒಬ್ಬರು ಹೊಲಿಸಿ ಹಾಕಿಕೊಂಡರೆ... ಅಷ್ಟೇ ಆಸೆ.

ಕೊಡುವ ಕಣಗಳನ್ನು ಮಡಚಿ, ಎಲೆ ಅಡಿಕೆ ಜೋಡಿಸಿ ತಟ್ಟೆಗಿಡುವುದು ಅತ್ತೆ. ಮಾವ ಹೋದ ಮೇಲೆ ಅವರ ಮಡಿಲಿಗೆ ಯಾರೂ ಕಣ ಇಟ್ಟಿಲ್ಲ. ನನ್ನದನ್ನು ಮಡಚುವಾಗ ಬಳ್ಳಿಯ ಮೇಲೆ ಒಮ್ಮೆ ಬೆರಳಾಡಿಸಿದರು. ತಟ್ಟೆಯಲ್ಲಿ ಎಲ್ಲಕ್ಕಿಂತ ಕೆಳಗಿಟ್ಟರು. ಚೆನ್ನಾಗಿಲ್ಲವೇನೋ.

ಆಗಸ್ಟ್ 8, ಶುಕ್ರವಾರ, ಸಂಜೆ

ವರಮಹಾಲಕ್ಷ್ಮಿ ಹಬ್ಬ. ಪಕ್ಕದ ಮನೆ ರಾಧಾಮಣಿಗೆ ಆ ಕಣ ಕೊಟ್ಟೆ.

“ಚೆಂದಾಗೈತೆ ಕಣಕ್ಕ. ಎಲ್ ತಂದೆ?”

ಅಂಗಡೀಲಿ ಅಂದುಬಿಟ್ಟೆ. ನಾನೇ ಮಾಡಿದ್ದು ಅಂತ ಯಾಕೆ ಬಾಯಿಗೆ ಬರಲಿಲ್ಲವೋ.

ಆಗಸ್ಟ್ 9

ಆ ಕಣಕ್ಕೆ ಇಸ್ತ್ರಿ ಮಾಡಿಲ್ಲ! ಹಿಂಬದಿಯಿಂದ ಬಿಸಿ ಇಸ್ತ್ರಿ ಕೊಟ್ಟರೆ ಮಾತ್ರ ಈ ಬಣ್ಣ ಬಟ್ಟೆಯಲ್ಲಿ ನಿಲ್ಲೋದು. ಚೀಲ ಒಗೆಯುವವರಿಲ್ಲ, ಅದಕ್ಕೆ ಇಸ್ತ್ರಿಯೂ ಇಲ್ಲ. ಅದೇ ಅಭ್ಯಾಸದಲ್ಲಿ ಮರೆತೆ. ಈಗ ರಾಧಾಮಣಿ ಹೊಲಿಸಿ, ಒಗೆದು, ಬಣ್ಣ ಬಿಟ್ಟು, ಅವಳ ರೇಷ್ಮೆ ಸೀರೆಗೆ ಹತ್ತಿದರೆ... ಊಟ ಸೇರಲಿಲ್ಲ. ಇವರಿಗೆ ಹೇಳಿದೆ.

“ಮೊದ್ಲು ಹೊಲಿಸ್ಲಿ ಬುಡು” ಅಂದು ನಕ್ಕರು.

ಆಗಸ್ಟ್ 26, ಗೌರಿ ಹಬ್ಬ

ಬಂತು. ಮೇಲಿನ ಬೀದಿ ಸರ್ವಮಂಗಳ ಅವರ ಮನೆಯಲ್ಲಿ ಅದೇ ಕಣ ನನ್ನ ಮಡಿಲಿಗೇ ಬಂತು. ರಾಧಾಮಣಿ ಅವರಿಗೆ ದಾಟಿಸಿರಬೇಕು. ಅತ್ತೆ ಹಾಕಿದ ಮಡಿಕೆಯೇ ಇನ್ನೂ ಇದೆ. ಒಂದು ಹನಿ ನೀರು ಬಿದ್ದಿಲ್ಲ. ಬಣ್ಣ ಹಾಗೇ ಇದೆ. ಸದ್ಯ, ಯಾರ ಸೀರೆಯೂ ಕೆಡಲಿಲ್ಲ ಅಂತ ನಿರಾಳವಾಯಿತು. ಮನೆಗೆ ಬಂದು ಅತ್ತುಬಿಟ್ಟೆ.

ಸೆಪ್ಟೆಂಬರ್ 2

ಚೀಲ ಕೊಡಲು ಚನ್ನಪಟ್ಟಣಕ್ಕೆ ಹೋದ ಇವರು ಬುಗುರಿ ಕಡೆದು ಉಳಿದ, ನಡುವೆ ತೂತಿರುವ ಮರದ ತುಂಡು ತಂದಿದ್ದಾರೆ. ನಿನಗೆ ಅಂತ. ಕೇಳಿಯೂ ಇರಲಿಲ್ಲ... ಬಣ್ಣಕ್ಕೆ ಅದ್ದಿ ಒತ್ತಿದರೆ ಬಳೆಯಂಥ ಉಂಗುರ. ಬಳ್ಳಿಯ ನಡುವೆ ಒತ್ತಿದೆ. ವಾಪಸ್ ಬಂದದ್ದಕ್ಕೆ ಗುರುತು.

ಇಸ್ತ್ರಿ? ಮಾಡಲಿಲ್ಲ. ಯಾರಿಗೋಸ್ಕರ ಮಾಡಲಿ.

ಅಕ್ಟೋಬರ್ 5

ನವರಾತ್ರಿಗೆ ಅದನ್ನೇ ಸೋಲೂರಿನ ನಾದಿನಿಗೆ ಕೊಟ್ಟಿದ್ದೆ. ಅಲ್ಲಿ ಎಷ್ಟು ಮನೆ ಸುತ್ತಿತೋ, ಇವತ್ತು ಬೇರೆ ಯಾರದೋ ಕೈಯಿಂದ ಮತ್ತೆ ನಮ್ಮ ಮನೆಗೆ. ಈ ಸಲ ಮೂಲೆಯಲ್ಲಿ ಅರಿಶಿನದ ಹೆಬ್ಬೆಟ್ಟಿನ ಗುರುತು. ಕಲೆ ಮುಚ್ಚಲು ಮನಸ್ಸಾಗಲಿಲ್ಲ. ಅದರ ಸುತ್ತ ಬೆಂಡೆಕಾಯಿ ಕೊಯ್ದು ಬಣ್ಣಕ್ಕದ್ದಿ ಒತ್ತಿದೆ. ಹೂವಾಯಿತು.

ಇನ್ನು ಕೊಡುವ ಹಾಗಿಲ್ಲ, ಕಲೆ ಇದೆ ಅಂತಾರೆ. ಸ್ಕ್ರೀನ್ ಒರೆಸುವ ಚಿಂದಿ ರಾಶಿಗೆ ಹಾಕಿದೆ. ಇಂಥದ್ದೆಲ್ಲ ನನಗೆ ಯಾಕೆ ಬೇಕಿತ್ತು.

ಅಕ್ಟೋಬರ್ 11

ಅತ್ತೆ ಚಿಂದಿಯಿಂದ ಅದನ್ನು ಎತ್ತಿ, ತೊಡೆ ಮೇಲೆ ಹರಡಿಕೊಂಡು ಕೂತಿದ್ದರು.

“ಇದ್ನ ಯಾಕವ್ವ ಚಿಂದಿಗಾಕ್ದೆ?”

ಯಾರೂ ಹೊಲಿಸಿಕೊಳ್ಳಲ್ಲ ಅತ್ತೆ, ಸುಮ್ಮನೆ ಸುತ್ತುತ್ತೆ ಅಂದೆ.

“ನಂಗ್ಯಾರವ್ವ ಕೊಟ್ರು, ಹೊಲಿಸ್ಕೊಳಾಕೆ?”

ಕೊಡಲೋ? ಯಾರಾದರೂ ನೋಡಿದರೆ? ಅತ್ತೆಗೇ ನೋವಾದರೆ? ಯೋಚನೆ ಮುಗಿಯುವ ಮೊದಲೇ ಕೈ ಹೋಗಿ ಎಲೆ ಅಡಿಕೆ ತಂದಿತ್ತು. ಅವರೇ ಮಡಚಿ ಕಲಿಸಿದ ಹಾಗೆ ಮಡಚಿ ಮಡಿಲಿಗಿಟ್ಟೆ. ಅರಿಶಿನ ಕುಂಕುಮ ಇಡಲು ಧೈರ್ಯ ಬರಲಿಲ್ಲ. ಅರಿಶಿನ ಹೇಗೂ ಅದರಲ್ಲೇ ಇತ್ತು.

ಅತ್ತೆ ಮಡಿಕೆ ಬಿಚ್ಚಿ ಬಳ್ಳಿಯನ್ನು ಕಣ್ಣ ಹತ್ತಿರ ಹಿಡಿದರು. ಆಮೇಲೆ, ಇದರಲ್ಲಿ ಏನೋ ಬರೆದಿದೆಯಲ್ಲ, ಓದು ಅಂದರು. ‘ಒಂದು ಕೊಂಡರೆ ಒಂದು ಉಚಿತ’ ಓದಿದೆ.

“ಇನ್ನೊಂದೆಲ್ಲಮ್ಮಿ, ಹಂಗಾರೆ?”

ಇಬ್ಬರೂ ನಕ್ಕೆವು. ಅವರ ಕಣ್ಣಲ್ಲಿ ನೀರಿತ್ತು. ಬಣ್ಣಕ್ಕೆ ತಾಗೀತು ಅಂತ ಕಣ ಪಕ್ಕಕ್ಕೆ ಎಳೆದುಕೊಂಡೆ. ನನ್ನ ಬುದ್ಧಿಯೇ ಇಷ್ಟು.

ಅಕ್ಟೋಬರ್ 12, ಬೆಳಿಗ್ಗೆ

ಪ್ರಿಂಟಿನ ಮೇಜಿನ ಮೇಲೆ ಅತ್ತೆಯ ಅಳತೆ ರವಿಕೆ. ಹೇಳದೆ ಕೇಳದೆ ಇಟ್ಟು ಹೋಗಿದ್ದಾರೆ. ಕಂಕುಳಲ್ಲಿ ತೇಪೆ ಮೇಲೆ ತೇಪೆ.

ಟೈಲರ್ ನಾಗಲಕ್ಷ್ಮಮ್ಮನಿಗೆ ಇವತ್ತೇ ಕೊಡಬೇಕು. ಅದಕ್ಕೂ ಮೊದಲು ಇಸ್ತ್ರಿ. ಹಿಂಬದಿಯಿಂದ, ನಿಧಾನಕ್ಕೆ, ಮೂಲೆ ಮೂಲೆಗೂ. ಅತ್ತೆ ಒಗೀತಾರೆ. ಕಲ್ಲಿಗೆ ಕುಕ್ಕಿ ಕುಕ್ಕಿ ಒಗೀತಾರೆ. ಬಳ್ಳಿ ನಿಲ್ಲುತ್ತೋ, ಉಂಗುರ ನಿಲ್ಲುತ್ತೋ...

ಹೋಗಿದ್ದ ಕರೆಂಟ್ ಬಂತು. ಇಸ್ತ್ರಿ ಪೆಟ್ಟಿಗೆ ಕಾಯೋಕೆ ಇಡ್ತೀನಿ.